ಕೈ ಕೊಟ್ಟ, ಮುಖ ಕೊಡಲಿಲ್ಲ

ಅಂಕಲ್ ನನಗೆ ಪರಿಚಯವಾದದ್ದು ಮೆಟ್ರೋದಲ್ಲಿ, ನನ್ನ ಬೆನ್ನಿನ ಮೇಲಿದ್ದ ನಂಬರಿನ ದೆಸೆಯಿಂದ. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಆಗ ನನಗೆ ಒಂದು ವರ್ಷ ತುಂಬಿತ್ತು. ಶನಿವಾರ ಮಧ್ಯಾಹ್ನ ಕರೋಲ್ ಬಾಗಿನಲ್ಲಿ ಚಳಿಗಾಲದ ಬಟ್ಟೆ ಕೊಳ್ಳೋಣವೆಂದು ಹೊರಟಿದ್ದೆ. ಮೈಮೇಲೆ ನಮ್ಮ ತಂಡದ ಜೆರ್ಸಿ, ಕಿವಿಯಲ್ಲಿ ಬೆಳಗಾವಿಯ ಅಮ್ಮ. ಅಮ್ಮ ಊಟದ ವಿಚಾರಣೆ ಮುಗಿಸಿ ಫೋನ್ ಇಟ್ಟಾಗ ಹಿಂದಿನಿಂದ ಒಂದು ದನಿ ಕೇಳಿಸಿತು.

"ಹತ್ತೊಂಬತ್ತನೇ ನಂಬರು ಹಾಕ್ಕೊಂಡಿದ್ದೀರಿ. ಈ ಸೀಸನ್ನಲ್ಲಿ ಅವನು ಓಡೋದನ್ನೇ ಕಮ್ಮಿ ಮಾಡಿದ್ದಾನೆ, ಗಮನಿಸಿದ್ರಾ?"

ತಿರುಗಿ ನೋಡಿದರೆ ಮಂಕಿ ಕ್ಯಾಪು ಹಾಕಿದ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದ, ಅರವತ್ತೈದು ದಾಟಿದ ಒಬ್ಬರು. ದೆಹಲಿಯ ಮೆಟ್ರೋದಲ್ಲಿ ಗುರುತಿಲ್ಲದವರು ಕನ್ನಡದಲ್ಲಿ ಮಾತಾಡಿಸುವುದೇ ಅಪರೂಪ. ಮಾತಾಡಿಸಿದರೂ ಯಾವ ಊರು, ಯಾರ ಪೈಕಿ ಎಂದು ಶುರುವಾಗುವುದು ವಾಡಿಕೆ. ಇವರು ಊರು ಕೇರಿ ಬಿಟ್ಟು ನೇರವಾಗಿ ಆಟಗಾರನ ಓಟಕ್ಕೆ ಕೈ ಹಾಕಿದ್ದರು. ನಾನೂ ಸುಮ್ಮನಿರುವವಳಲ್ಲ. ಅವನು ಓಡುವುದು ಕಮ್ಮಿಯಾಗಿಲ್ಲ, ಅವನನ್ನು ಹಿಂದಕ್ಕೆ ಆಡಿಸುತ್ತಿದ್ದಾರೆ, ಹಾಗಾಗಿ ನಿಮಗೆ ಹಾಗೆ ಕಾಣಿಸುತ್ತದೆ ಎಂದೆ. ಕರೋಲ್ ಬಾಗ್ ಬರುವಷ್ಟರಲ್ಲಿ ನಾವಿಬ್ಬರೂ ಬಾಗಿಲ ಬಳಿ ಹಳೆಯ ದಾಯಾದಿಗಳ ಹಾಗೆ ವಾದ ಮಾಡುತ್ತಿದ್ದೆವು. ಇಳಿದ ಮೇಲೆ ಅವರು, "ಸಂಜೆ ಆರಕ್ಕೆ ಮ್ಯಾಚ್ ಇದೆ. ನಾನು ನೋಡೋ ಜಾಗ ಇಲ್ಲೇ ಹತ್ತಿರ. ಬನ್ನಿ, ಅಲ್ಲಿ ಮುಗಿಸೋಣ," ಅಂದರು.

ನಮ್ಮ ತಂಡವೆಂದರೆ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬು. ಆ ಊರನ್ನು ನಾನೂ ಕಂಡಿಲ್ಲ, ಅಂಕಲ್ಲೂ ಕಂಡಿಲ್ಲ. ಬೆಳಗಾವಿಯಲ್ಲಿ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಲೀಗ್ ಪಂದ್ಯಗಳಿಗೆ ಕರೆದುಕೊಂಡು ಹೋಗುತ್ತಿದ್ದರು, ಆಟದ ಹುಚ್ಚು ಅಲ್ಲಿಂದ ಹತ್ತಿದ್ದು. ಟಿವಿಯಲ್ಲಿ ಇಂಗ್ಲೆಂಡಿನ ಆಟ ಬರತೊಡಗಿದ ಮೇಲೆ ಆ ಹುಚ್ಚಿಗೆ ಒಂದು ವಿಳಾಸ ಸಿಕ್ಕಿತು. ಅಂಕಲ್ ತುಮಕೂರಿನ ಕಡೆಯವರು. ಇಪ್ಪತ್ತನಾಲ್ಕನೇ ವಯಸ್ಸಿಗೆ ಕೇಂದ್ರ ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದು, ಸೆಕ್ಷನ್ ಆಫೀಸರಾಗಿ ನಿವೃತ್ತರಾಗಿ, ಪೀತಮ್‌ಪುರದ ಒಂದು ಫ್ಲ್ಯಾಟಿನಲ್ಲಿ ಆಂಟಿಯ ಜೊತೆ ಇದ್ದರು. ಮನೆಯಲ್ಲಿ ಟಿವಿ ಇದ್ದರೂ ಶನಿವಾರ ಎರಡು ಕಡೆ ಮೆಟ್ರೋ ಬದಲಾಯಿಸಿ ಕರೋಲ್ ಬಾಗಿಗೆ ಬರುತ್ತಿದ್ದರು. ಒಬ್ಬರೇ ಕೂತು ನೋಡಿದರೆ ಅದು ಬರೀ ಟಿವಿ, ನಾಲ್ಕು ಜನ ಸೇರಿದರೆ ಮ್ಯಾಚು ಎನ್ನುವುದು ಅವರ ಸಿದ್ಧಾಂತ.

ಆ ಜಾಗ ಒಂದು ಸಣ್ಣ ಲಾಡ್ಜಿನ ಊಟದ ಕೋಣೆ. ಮಾಲೀಕರು ಸರ್ದಾರ್ಜಿ. ಗೋಡೆಯ ತುಂಬುವಂಥ ಟಿವಿ, ಅದರ ಕೆಳಗೆ ಉಪ್ಪಿನಕಾಯಿ ಜಾಡಿಗಳ ಸಾಲು. ಸರ್ದಾರ್ಜಿ ಯಾವ ತಂಡದವರೂ ಅಲ್ಲ, ಜನ ಕೂಗಾಡುವುದನ್ನು ನೋಡುವುದೇ ಅವರ ಖುಷಿ. ಮುಂದಿನ ವಾರ ನಾನು ನನ್ನ ಆಫೀಸಿನ ಗೆಳೆಯನನ್ನೂ ಎಳೆದುಕೊಂಡು ಹೋದೆ. ಅವನು ಮಂಗಳೂರಿನವನು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಶನಿವಾರ ಮಾತ್ರ ದೇವರಿಗೆ ಸರಿಬಾರದ ಕೆಲಸ ಮಾಡುತ್ತಿದ್ದ. ಅವನು ನಮ್ಮ ಬದ್ಧ ಎದುರಾಳಿ ತಂಡದ ಅಭಿಮಾನಿ. ನಾವು ಸೋಲುವುದನ್ನು ಕಣ್ಣಾರೆ ಕಾಣಲು ಬರುತ್ತಿದ್ದ. ಹೀಗೆ ನಾಲ್ವರಾದೆವು. ಎರಡು ಚಳಿಗಾಲ ಹಾಗೇ ಕಳೆಯಿತು. ದೆಹಲಿ ನನ್ನ ಊರು ಅನ್ನಿಸತೊಡಗಿದ್ದು ಆ ಊಟದ ಕೋಣೆಯಲ್ಲಿ.

ಮೂರನೆಯ ಚಳಿಗಾಲದಲ್ಲಿ ಅದು ಆಯಿತು. ನಮ್ಮ ಹತ್ತೊಂಬತ್ತನೇ ನಂಬರಿನವನನ್ನು ಮ್ಯಾನೇಜರ್ ಸತತ ಮೂರು ಪಂದ್ಯ ಬೆಂಚಿನ ಮೇಲೆ ಕೂರಿಸಿದ. ಏಳು ವರ್ಷದಿಂದ ತಂಡವನ್ನು ಹೆಗಲ ಮೇಲೆ ಹೊತ್ತವನು ಅವನು. ಮೂರನೆಯ ಪಂದ್ಯ ಡ್ರಾ ಆದ ಮೇಲೆ ಮೈದಾನದಿಂದ ಹೊರಬರುವ ಓಣಿಯಲ್ಲಿ ಟಿವಿಯವರ ಮೈಕು ಕಂಡು ನಿಂತುಬಿಟ್ಟ. ತಪ್ಪನ್ನೆಲ್ಲ ತನ್ನ ತಲೆಗೆ ಕಟ್ಟುತ್ತಿದ್ದಾರೆ, ಮ್ಯಾನೇಜರಿಗೂ ತನಗೂ ಮಾತುಕತೆಯೇ ಇಲ್ಲ, ಯಾಕೆ ಕೂರಿಸಿದ್ದಾರೆಂದು ಒಂದು ಮಾತೂ ಹೇಳಿಲ್ಲ ಎಂದ. ಮರುದಿನ ಮ್ಯಾನೇಜರ್ ಪತ್ರಕರ್ತರ ಮುಂದೆ, ತಂಡ ಯಾರೊಬ್ಬರಿಗಿಂತಲೂ ದೊಡ್ಡದು ಎಂದು ಹೇಳಿ ಎದ್ದು ಹೋದ.

ಸೋಮವಾರ ಆಫೀಸಿಗೆ ಹೋಗುವ ಕ್ಯಾಬಿನಲ್ಲೇ ನನ್ನ ಫೋನು ಕುದಿಯುತ್ತಿತ್ತು. ನಮ್ಮ ನಾಲ್ವರದೂ ಒಂದು ವಾಟ್ಸಾಪ್ ಗುಂಪಿತ್ತು. ಅಂಕಲ್ ಬೆಳಿಗ್ಗೆ ಐದಕ್ಕೇ ಎದ್ದು, ಸರ್ಕಾರಿ ಪತ್ರದ ಧಾಟಿಯಲ್ಲಿ, ಒಂದು ಎರಡು ಮೂರು ಎಂದು ಕಲಮುಗಳನ್ನು ಹಾಕಿ ಮ್ಯಾನೇಜರ್ ಪರವಾಗಿ ಬರೆದಿದ್ದರು. ಆಟಗಾರನಿಗೆ ಅಸಮಾಧಾನವಿದ್ದರೆ ಅದನ್ನು ತಿಳಿಸಲು ಒಂದು ದಾರಿಯಿದೆ, ಆ ದಾರಿ ಕ್ಯಾಮೆರಾದ ಮುಂದೆ ಹಾದುಹೋಗುವುದಿಲ್ಲ ಎನ್ನುವುದು ಅದರ ಸಾರ. ನಾನು ಆಟಗಾರನ ಪರ. ಏಳು ವರ್ಷ ದುಡಿದವನಿಗೆ ಕಾರಣ ಹೇಳುವ ಸೌಜನ್ಯವೂ ಇಲ್ಲವೆಂದರೆ ಅವನು ಇನ್ನೆಲ್ಲಿ ಬಾಯಿ ಬಿಡಬೇಕು ಎಂದು ಬರೆದೆ. ಮಂಗಳೂರಿನವನು ಎದುರಾಳಿ ತಂಡದವನಾದ್ದರಿಂದ ಅವನಿಗೆ ಹಬ್ಬ. ಬೆಳಿಗ್ಗೆ ಅಂಕಲ್‌ಗೆ ವಕೀಲಿ ಮಾಡಿದ, ಮಧ್ಯಾಹ್ನ ನನಗೆ. ಸರ್ದಾರ್ಜಿ ಒಂದೇ ಸಾಲು ಹಾಕಿದರು: ಗಲ್ತೀ ಮಾಲಿಕ್ ಕೀ ಹೈ. ಒಂದು ಲಾಡ್ಜಿನ ಮಾಲೀಕರಾಗಿ ಅವರು ಹೇಳುವುದೇನೆಂದರೆ, ಇಬ್ಬರು ಕೆಲಸಗಾರರು ಬೀದಿಯಲ್ಲಿ ಜಗಳವಾಡಿದರೆ ತಪ್ಪು ಯಾವಾಗಲೂ ಮಾಲೀಕನದು.

ಅಂಕಲ್ಲಿನ ವಾದಗಳೆಲ್ಲ ಸಚಿವಾಲಯದಿಂದ ಬರುತ್ತಿದ್ದವು. ಆ ವಾರ ನಾವು ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿದೆವು. ಒಂದು ದಿನ ಅವರು, "ನೋಡಮ್ಮ, ಏನೇ ಇದ್ರೂ ಫೈಲಿನ ನೋಟ್‌ಶೀಟ್‌ನಲ್ಲಿ ಬರೀಬೇಕು. ಕಾರಿಡಾರಿನಲ್ಲಿ ಕೂಗಬಾರದು," ಅಂದರು. ಫುಟ್‌ಬಾಲ್ ಕ್ಲಬ್ಬಿನಲ್ಲಿ ನೋಟ್‌ಶೀಟ್ ಎಲ್ಲಿರುತ್ತದೆ ಅಂಕಲ್ ಎಂದರೆ, ಇರಬೇಕು, ಇಲ್ಲದ್ದಕ್ಕೇ ನಮ್ಮ ತಂಡ ಆರನೇ ಸ್ಥಾನದಲ್ಲಿದೆ ಎಂದರು. ನಾನು ನಕ್ಕೆ. ಆಗಿನ್ನೂ ಜಗಳ ನಗುವಿನ ಹದದಲ್ಲೇ ಇತ್ತು.

ಶನಿವಾರ ಅದು ಹದ ತಪ್ಪಿತು. ಅದಕ್ಕೆ ನನ್ನ ಕಡೆಯ ಕಾರಣವನ್ನೂ ಹೇಳಬೇಕು. ಆ ತಿಂಗಳು ಆಫೀಸಿನಲ್ಲಿ, ನಾನು ಮೂರು ತಿಂಗಳು ಕೂತು ಮಾಡಿದ ಕೆಲಸವನ್ನು ನನ್ನ ಮ್ಯಾನೇಜರ್ ದೊಡ್ಡ ಸಭೆಯಲ್ಲಿ ತಮ್ಮದೆಂಬಂತೆ ಮಂಡಿಸಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆ. ಆ ಸಂಜೆಯೇ ಇಡೀ ವಿಭಾಗಕ್ಕೆ ಕಳಿಸಲೆಂದು ಒಂದು ಮೇಲ್ ಬರೆದು, ಕಳಿಸದೆ ಡ್ರಾಫ್ಟಿನಲ್ಲಿ ಇಟ್ಟುಕೊಂಡಿದ್ದೆ. ದಿನಕ್ಕೊಮ್ಮೆ ಅದನ್ನು ತೆರೆದು ಒಂದೊಂದು ಪದ ಹರಿತ ಮಾಡುತ್ತಿದ್ದೆ. ಹಾಗಾಗಿ ಅಂಕಲ್ ಮ್ಯಾನೇಜರ್ ಎಂದಾಗಲೆಲ್ಲ ನನಗೆ ಕಾಣಿಸುತ್ತಿದ್ದುದು ಇಂಗ್ಲೆಂಡಿನ ಮುಖವಲ್ಲ.

ಆ ಸಂಜೆ ಹತ್ತೊಂಬತ್ತನೇ ನಂಬರಿನವನನ್ನು ತಂಡದಿಂದಲೇ ಕೈಬಿಟ್ಟಿದ್ದರು. ಬೆಂಚಿನಲ್ಲೂ ಇಲ್ಲ. ಅಂಕಲ್ ಚಹಾ ಕುಡಿಯುತ್ತಾ, ಸರಿಯಾಗಿಯೇ ಮಾಡಿದರು, ಮೇಲಿನವರ ಮಾತಿಗೆ ಬೆಲೆ ಇಲ್ಲದಿದ್ದರೆ ಯಾವ ಸಂಸ್ಥೆಯೂ ನಡೆಯುವುದಿಲ್ಲ ಎಂದರು. ನನ್ನ ನಾಲಗೆ ಜಾರಿತು.

"ಅಂಕಲ್, ನೀವು ಜೀವನವಿಡೀ ಯೆಸ್ ಸರ್ ಅಂದ್ಕೊಂಡು ಬಂದವರು. ನಿಮಗೆ ಇದೆಲ್ಲ ಅರ್ಥ ಆಗಲ್ಲ."

ಅಂಕಲ್ ನನ್ನನ್ನು ನೋಡಲಿಲ್ಲ. ಕಪ್ಪನ್ನು ಸಾಸರಿನ ಮೇಲೆ ಸದ್ದಾಗದಂತೆ ಇಟ್ಟು, ಮಫ್ಲರ್ ಸುತ್ತಿಕೊಂಡು, "ಚಲೋ, ಬರ್ತೀನಿ," ಎಂದು ಯಾರಿಗೂ ಅಲ್ಲದಂತೆ ಹೇಳಿ ಹೊರಟರು. ಇನ್ನೂ ಮೊದಲರ್ಧವೂ ಮುಗಿದಿರಲಿಲ್ಲ. ಪಂದ್ಯದ ಮಧ್ಯೆ ಅವರು ಎದ್ದು ಹೋದದ್ದನ್ನು ನಾವ್ಯಾರೂ ಅದುವರೆಗೆ ಕಂಡಿರಲಿಲ್ಲ. ಮಂಗಳೂರಿನವನು ಮೆಲ್ಲಗೆ, "ಅದು ಸ್ವಲ್ಪ ಜಾಸ್ತಿ ಆಯ್ತು ಮಾರಾಯ್ತಿ," ಎಂದ. ಅವನು ಹೇಳದಿದ್ದರೂ ನನಗೆ ಗೊತ್ತಿತ್ತು.

ಮಾರನೆಯ ದಿನ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಗುಂಪಿನಲ್ಲಿ ಅವರ ಬೆಳಗಿನ ಕಲಮುಗಳು ನಿಂತುಹೋದವು. ಮುಂದಿನ ಶನಿವಾರ ಅವರು ಬರಲಿಲ್ಲ. ಸರ್ದಾರ್ಜಿ ಅವರ ಕುರ್ಚಿಯನ್ನು ಯಾರಿಗೂ ಕೊಡದೆ ಅದರ ಮೇಲೆ ತಮ್ಮ ಲೆಡ್ಜರ್ ಇಟ್ಟು ಕಾದರು. ನಾವು ಗೆದ್ದೆವು ಆ ದಿನ, ಆದರೆ ಮಂಗಳೂರಿನವನಿಗೂ ಬೇಸರ ಪಡಲು ಮನಸ್ಸು ಬರಲಿಲ್ಲ.

ಬುಧವಾರ ಆಂಟಿಯ ಫೋನ್ ಬಂತು. ಆಂಟಿಯನ್ನು ನಾನು ಒಂದೆರಡು ಸಲ ಯುಗಾದಿಗೆ, ಗಣೇಶನ ಹಬ್ಬಕ್ಕೆ ಕಂಡಿದ್ದೆನಷ್ಟೆ. ಅವರು ಪೀಠಿಕೆ ಹಾಕಲಿಲ್ಲ.

"ಏನಮ್ಮ ಅದು, ನೀವೆಲ್ಲ ಸೇರಿ ನಮ್ಮನೆಯವರನ್ನ ನನ್ನ ತಲೆಗೆ ಕಟ್ಟಿಬಿಟ್ರಿ? ಶನಿವಾರ ಟಿವಿ ಮುಂದೆ ಒಬ್ಬರೇ ಕೂತು ವಾದ ಮಾಡ್ತಾರೆ. ಆ ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ ಅಂತ ನಾನು ಒಂದು ಮಾತು ಅಂದೆ, ಎರಡು ದಿನದಿಂದ ನನ್ನ ಹತ್ರಾನೂ ಮಾತಿಲ್ಲ. ಈ ಶನಿವಾರ ಎಲ್ಲಾರೂ ಇಲ್ಲಿಗೇ ಬನ್ನಿ. ನಾನು ಹೇಳಿದೆ ಅಂತ ಹೇಳಬೇಡಿ."

ಹಾಗೆ ನಾವು ಪೀತಮ್‌ಪುರಕ್ಕೆ ಹೋದೆವು. ಸರ್ದಾರ್ಜಿಯೂ ಬಂದರು. ಲಾಡ್ಜನ್ನು ತಮ್ಮನ ಕೈಗೆ ಒಪ್ಪಿಸಿ, ನೇರಳೆ ಬಣ್ಣದ ಹೊಸ ಪಗಡಿ ಕಟ್ಟಿ, ಒಂದು ಡಬ್ಬಿ ಗಜ್ಜರಿ ಹಲ್ವಾ ಹಿಡಿದು, ಹೆಣ್ಣು ನೋಡಲು ಹೊರಟವರ ಹಾಗಿದ್ದರು. ಮೆಟ್ರೋದಲ್ಲಿ ನಾನು ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಬಾಗಿಲು ತೆರೆದವರು ಅಂಕಲ್ಲೇ. ನಮ್ಮನ್ನು ಕಂಡು ಒಂದು ಗಳಿಗೆ ನಿಂತು, ಆಮೇಲೆ ಆಂಟಿಯ ಕಡೆ ತಿರುಗಿ ನೋಡಿದರು. ಆಂಟಿ ಗಡಿಬಿಡಿಯಿಂದ ಅಡುಗೆಮನೆಗೆ ಹೋದರು.

"ಅಂಕಲ್, ಅವತ್ತು ನಾನು ಆಡಿದ ಮಾತು ತಪ್ಪು," ಎಂದೆ. ಜೋಡಿಸಿಟ್ಟಿದ್ದ ಉಳಿದ ಮಾತೆಲ್ಲ ಮರೆತುಹೋಗಿತ್ತು.

"ಚಪ್ಪಲಿ ಒಳಗಡೆ ಬಿಡಿ, ಹೊರಗಿಟ್ಟರೆ ಕೋತಿ ಎತ್ಕೊಂಡು ಹೋಗ್ತವೆ," ಎಂದರು ಅಂಕಲ್. ನಂತರ ಸ್ವಲ್ಪ ತಡೆದು, "ಶುರುವಾಗಿ ಎರಡು ನಿಮಿಷ ಆಯ್ತು. ಅವನು ಇವತ್ತು ಬೆಂಚಲ್ಲಿದ್ದಾನೆ," ಎಂದು ಸೇರಿಸಿದರು. ಅದೇ ಅವರ ಕ್ಷಮೆ.

ಮೊದಲರ್ಧ ನಡೆಯುತ್ತಿದ್ದಾಗ ಆಂಟಿ ನಿಪ್ಪಟ್ಟು ಕೋಡುಬಳೆಗಳ ತಟ್ಟೆ ಇಟ್ಟರು. ಸರ್ದಾರ್ಜಿ ಕೋಡುಬಳೆಯೊಂದನ್ನು ಬೆರಳಿಗೆ ಹಾಕಿಕೊಂಡು ಪರೀಕ್ಷಿಸಿ, ತಿಂದು, ಆಮೇಲೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ನಮ್ಮ ತಂಡ ಒಂದು ಗೋಲು ಬಿಟ್ಟುಕೊಟ್ಟಿತು. ಕ್ಯಾಮೆರಾ ಆಗಾಗ ಬೆಂಚಿನ ಕಡೆ ತಿರುಗುತ್ತಿತ್ತು. ಅವನು ಕೋಟಿನ ಕಾಲರನ್ನು ಗಲ್ಲದವರೆಗೆ ಎಳೆದುಕೊಂಡು ಕೂತಿದ್ದ. ಪ್ರತಿ ಸಲ ಅವನ ಮುಖ ಬಂದಾಗ ಅಂಕಲ್ ಟಿವಿಯಿಂದ ಕಣ್ಣು ತೆಗೆದು ಹೀಟರಿನ ಕಡೆ ನೋಡುತ್ತಿದ್ದರು. ಅದನ್ನು ನಾನು ಗಮನಿಸಿದೆ. ಮ್ಯಾನೇಜರ್ ಪರ ನಿಂತವರಿಗೆ ಆ ಮುಖ ನೋಡಲು ಯಾಕೆ ಕಷ್ಟವಾಗಬೇಕು ಎಂದು ಅರ್ಥವಾಗಲಿಲ್ಲ.

ವಿರಾಮದಲ್ಲಿ ಆಂಟಿ ಚಹಾ ತಂದು, ಟ್ರೇ ಕೆಳಗಿಡುತ್ತಾ ಯಾರನ್ನೂ ನೋಡದೆ, "ಕ್ಯಾಂಟೀನಿನ ಕಥೆ ಹೇಳಿದ್ರಾ ಇವರಿಗೆ?" ಎಂದರು.

ಅಂಕಲ್ ಅದೆಲ್ಲ ಈಗ್ಯಾಕೆ ಎಂದರು. ಆದರೆ ಮಂಗಳೂರಿನವನು ಟಿವಿಯ ಸದ್ದು ಕಡಿಮೆ ಮಾಡಿದ್ದ, ಸರ್ದಾರ್ಜಿ ತಟ್ಟೆ ಕೆಳಗಿಟ್ಟಿದ್ದರು. ಅಂಕಲ್ ಚಹಾ ಒಂದು ಗುಟುಕು ಕುಡಿದು, ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಅರ್ಧ, ಹೇಳತೊಡಗಿದರು.

ಅವರು ಸಚಿವಾಲಯಕ್ಕೆ ಸೇರಿದ ಹೊಸತರಲ್ಲಿ ಅಲ್ಲಿ ಒಂದು ಫುಟ್‌ಬಾಲ್ ತಂಡವಿತ್ತಂತೆ. ಸಚಿವಾಲಯಗಳ ನಡುವೆ ಪ್ರತಿ ವರ್ಷ ಪಂದ್ಯಾವಳಿ. ತುಮಕೂರಿನ ಕಾಲೇಜು ತಂಡದಲ್ಲಿ ಎಡಗಾಲಿನಲ್ಲಿ ಹೊಡೆಯುತ್ತಿದ್ದ ಹುಡುಗನನ್ನು ತಂಡಕ್ಕೆ ಸೇರಿಸಿಕೊಂಡವರು ಒಬ್ಬ ಬಂಗಾಳಿ ಸೂಪರಿಂಟೆಂಡೆಂಟ್. ತಂಡಕ್ಕೆ ತರಬೇತಿ ಕೊಡುವವರೂ ಅವರೇ. ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು. ಮೂರು ವರ್ಷ ಅಂಕಲ್ ಆಡಿದರು. ಆ ಮೂರು ವರ್ಷ ದೆಹಲಿಯ ಚಳಿ ಗೊತ್ತಾಗಲಿಲ್ಲ ಎಂದರು. ಮೂರನೆಯ ವರ್ಷ ತಂಡ ಮೊದಲ ಬಾರಿಗೆ ಫೈನಲ್ ತಲುಪಿತು. ಫೈನಲ್ಲಿನ ಬೆಳಿಗ್ಗೆ ದಾದಾ ಹನ್ನೊಂದು ಜನರ ಪಟ್ಟಿ ಓದಿದಾಗ ಅದರಲ್ಲಿ ಅಂಕಲ್ ಹೆಸರಿರಲಿಲ್ಲ. ಕಾರಣ ಹೇಳಲಿಲ್ಲ. ತಂಡ ಗೆದ್ದಿತು.

"ಸೋತಿದ್ದರೆ ತಡ್ಕೋತಿದ್ದೆನೋ ಏನೋ. ಗೆದ್ದುಬಿಟ್ಟರು," ಎಂದರು ಅಂಕಲ್.

ಸೋಮವಾರ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ, ಇಡೀ ಸೆಕ್ಷನ್ನು ಸೇರಿದ್ದಾಗ, ಅಂಕಲ್ ಕುರ್ಚಿಯ ಮೇಲೆ ಹತ್ತಿ ನಿಂತರಂತೆ. ದಾದಾ ತಮ್ಮ ಊರಿನವರನ್ನು ಮುಂದೆ ತರಲು ನನ್ನನ್ನು ತುಳಿದರು ಎಂದು ಕೂಗಿದರಂತೆ. ದಾದಾ ಒಂದು ಮೂಲೆಯಲ್ಲಿ ಕೂತು ಊಟ ಮಾಡುತ್ತಿದ್ದವರು ತಲೆ ಎತ್ತಲಿಲ್ಲ, ಮಾತಾಡಲಿಲ್ಲ, ಊಟ ಮುಗಿಸಿ ಕೈ ತೊಳೆದು ಹೋದರು. ಮುಂದಿನ ಸೀಸನ್ನಿನಲ್ಲಿ ಪ್ರಾಕ್ಟೀಸಿಗೆ ಬಾ ಎಂದು ಎರಡು ಸಲ ಹೇಳಿ ಕಳಿಸಿದರು. ಅಂಕಲ್ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದೆಂದು ಮೊದಲು, ಆಮೇಲೆ ಹಠಕ್ಕೆ, ಆಮೇಲೆ ಅಭ್ಯಾಸ ತಪ್ಪಿತೆಂದು. ಮತ್ತೆಂದೂ ಚೆಂಡು ಮುಟ್ಟಲಿಲ್ಲ.

"ನೀನು ಅಂದೆಯಲ್ಲ, ಯೆಸ್ ಸರ್ ಅಂತ. ಅದಕ್ಕಿಂತ ಮುಂಚೆ ಒಂದು ಸಲ ನೋ ಸರ್ ಅಂದಿದ್ದೆ ಕಣಮ್ಮ. ಗಟ್ಟಿಯಾಗೇ ಅಂದಿದ್ದೆ. ನ್ಯಾಯ ಅವನ ಕಡೆಗೇ ಇರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ಮೈಕಿನ ಮುಂದೆ ಅವನು ನಿಂತಿದ್ದನ್ನ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ. ಯಾರಾದ್ರೂ ಆ ಹುಡುಗನ್ನ ಕುರ್ಚಿಯಿಂದ ಕೆಳಗಿಳಿಸ್ರಪ್ಪ, ಆಟ ಹೋಗಿಬಿಡುತ್ತೆ."

ನಾನು ಜಗಳವಾಡಿದ್ದು ಮ್ಯಾನೇಜರಿನ ವಕೀಲರ ಜೊತೆ ಅಲ್ಲ, ಆ ಆಟಗಾರನಿಗಾಗಿ ನನಗಿಂತ ಹೆಚ್ಚು ಹೆದರಿದ್ದವರ ಜೊತೆ ಎಂದು ಆಗ ತಿಳಿಯಿತು. ಅಷ್ಟರಲ್ಲಿ ಆಂಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

"ಎಲ್ಲಾ ಹೇಳಿದ್ರಿ, ಪಾದ ಊದಿಕೊಂಡಿದ್ದು ಹೇಳಲಿಲ್ಲ."

"ಯಾವ ಪಾದ?"

"ಯಾವ ಪಾದ ಅಂದ್ರೆ. ಫೈನಲ್ ಹಿಂದಿನ ವಾರ ಎಡಗಾಲು ಕುಂಬಳಕಾಯಿ ಆಗಿರಲಿಲ್ವಾ? ಮದುವೆ ಆಗಿ ನಾಲ್ಕು ತಿಂಗಳು ನನಗೆ. ರಾತ್ರಿಯೆಲ್ಲ ಅರಿಶಿನ ಅರೆದು ಪಟ್ಟು ಹಾಕಿದ್ದು ನಾನು. ಯಾರಿಗೂ ಹೇಳಬೇಡ, ದಾದಾಗೆ ಗೊತ್ತಾದರೆ ಕೂರಿಸಿಬಿಡ್ತಾರೆ ಅಂದಿದ್ದು ಯಾರು?"

ಅಂಕಲ್ ನಮ್ಮೆಲ್ಲರ ಮುಖ ಒಮ್ಮೆ ನೋಡಿದರು. "ಊದಿತ್ತು," ಎಂದರು ಕಡೆಗೆ. "ಆದರೆ ಆಡಬಹುದಿತ್ತು."

ಮೊದಲು ನಕ್ಕವರು ಸರ್ದಾರ್ಜಿ. ಅವರಿಗೆ ಕನ್ನಡ ಅರ್ಥವಾಗಿರಲಿಲ್ಲ, ಆದರೆ ಗಂಡ ಹೆಂಡಿರ ಮುಖ ಅರ್ಥವಾಗಿತ್ತು. ಅವರ ನಗು ಮಂಗಳೂರಿನವನಿಗೆ ಅಂಟಿತು, ನನಗೆ ಅಂಟಿತು, ಆಂಟಿ ಬಾಗಿಲ ಚೌಕಟ್ಟು ಹಿಡಿದು ನಕ್ಕರು. ಕೊನೆಗೆ ಅಂಕಲ್ಲಿನ ಹೊಟ್ಟೆ ಸ್ವೆಟರಿನೊಳಗೆ ಕುಣಿಯತೊಡಗಿತು. ಮಂಗಳೂರಿನವನು ಕಣ್ಣೊರೆಸಿಕೊಂಡು, "ನಲವತ್ತು ವರ್ಷ ಆ ದಾದಾನ್ನ ಬೈದ್ರಲ್ಲ ಮಾರಾಯ್ರೇ," ಎಂದ. ಬೈದದ್ದು ಹದಿನೈದು ವರ್ಷ ಮಾತ್ರ, ಆಮೇಲೆ ಬಿಟ್ಟಿದ್ದೆ ಎಂದು ಅಂಕಲ್ ಗಂಭೀರವಾಗಿ ತಿದ್ದಿದರು.

ಈ ಗಲಾಟೆಯಲ್ಲಿ ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷ ಕಳೆದಿತ್ತು. ಎಪ್ಪತ್ತನೇ ನಿಮಿಷಕ್ಕೆ ಹತ್ತೊಂಬತ್ತನೇ ನಂಬರಿನವನು ಕೋಟು ಬಿಚ್ಚಿದ. ಮೈದಾನದ ಅಂಚಿನಲ್ಲಿ ನಿಂತು ಬೂಟಿನ ದಾರ ಕಟ್ಟಿಕೊಂಡ. ಮ್ಯಾನೇಜರ್ ಅವನ ಕಿವಿಯಲ್ಲಿ ಏನೋ ಹೇಳಿದ, ಇವನು ತಲೆಯಾಡಿಸಿದ. ಏನು ಹೇಳಿದ ಎಂದು ನಾವು ಇವತ್ತಿಗೂ ಊಹಿಸುತ್ತಿದ್ದೇವೆ. ಒಳಗೆ ಬಂದ ಎಂಟೇ ನಿಮಿಷಕ್ಕೆ ಬಲ ಅಂಚಿನಿಂದ ಇಬ್ಬರನ್ನು ದಾಟಿ, ಮೂರನೆಯವನ ಕಾಲ ಸಂದಿಯಿಂದ ಚೆಂಡು ತಳ್ಳಿದ. ಅದು ನಮ್ಮ ಇನ್ನೊಬ್ಬನ ಕಾಲಿಗೆ ಸಿಕ್ಕಿ ಬಲೆಗೆ ಹೋಯಿತು. ಅಂಕಲ್ ಎದ್ದ ರಭಸಕ್ಕೆ ಟ್ರೇಯ ಮೇಲಿದ್ದ ಚಹಾದ ಲೋಟಗಳೆಲ್ಲ ಉರುಳಿದವು. ಕೆಳಗಿನ ಮನೆಯವರು ಚಾವಣಿಗೆ ಕೋಲಿನಿಂದ ಕುಟ್ಟಿದರು. ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ ಅವನೇ ಗೋಲು ಹೊಡೆದ. ಆಗ ಸರ್ದಾರ್ಜಿ ಅಂಕಲ್ಲನ್ನು ಎತ್ತಿಯೇಬಿಟ್ಟರು. ಎತ್ತಿಕೊಂಡು ಹಾಲಿನಲ್ಲಿ ಒಂದು ಸುತ್ತು ಬಂದರು. ಆಂಟಿ, "ಅವರನ್ನು ಇಳಿಸಿ, ಸೊಂಟ ಹಿಡಿಯುತ್ತೆ," ಎಂದು ಕನ್ನಡದಲ್ಲಿ ಕೂಗುತ್ತಾ ಹಿಂದೆ ಓಡಿದರು. ಎದುರಾಳಿ ತಂಡದ ನಮ್ಮ ಮಂಗಳೂರಿನವನೂ ಎರಡು ಕೈ ಮೇಲೆತ್ತಿ ನಿಂತಿದ್ದ. ಆಮೇಲೆ ನೆನಪಾಗಿ ಇಳಿಸಿದ.

ಪಂದ್ಯ ಮುಗಿದ ಮೇಲೆ ಆಟಗಾರರು ಒಬ್ಬೊಬ್ಬರಾಗಿ ಮ್ಯಾನೇಜರಿನ ಮುಂದೆ ಹಾದುಹೋದರು. ನಾವೆಲ್ಲ ಟಿವಿಯ ಹತ್ತಿರಕ್ಕೆ ಸರಿದೆವು. ಹತ್ತೊಂಬತ್ತನೇ ನಂಬರಿನವನು ಬಂದಾಗ ಮ್ಯಾನೇಜರ್ ಕೈ ಚಾಚಿದ. ಇವನೂ ಚಾಚಿದ, ಕೈ ಕುಲುಕಿದ. ಆದರೆ ಕುಲುಕುವಾಗ ಅವನು ನೋಡುತ್ತಿದ್ದುದು ಪ್ರೇಕ್ಷಕರ ಗ್ಯಾಲರಿಯನ್ನು. ಅಂಕಲ್ ಅದನ್ನು ಹಿಂದೆ ಓಡಿಸಿ, ನಿಧಾನ ಮಾಡಿ, ಹತ್ತು ಸಲ ನೋಡಿದರು. ಇದು ರಾಜಿಯೋ ಅಲ್ಲವೋ ಎಂದು ಹೊಸ ಚರ್ಚೆ ಎದ್ದಿತು. ಸರ್ದಾರ್ಜಿ ರಾಜಿ ಎಂದರು. ಮಂಗಳೂರಿನವನು ನಾಟಕ ಎಂದ. ಆಂಟಿ ಚೆಲ್ಲಿದ ಚಹಾ ಒರೆಸುತ್ತಾ ಪರದೆಯ ಕಡೆ ಒಂದು ಸಲ ಕಣ್ಣು ಹಾಯಿಸಿ ತೀರ್ಪು ಕೊಟ್ಟರು:

"ಕೈ ಕೊಟ್ಟ, ಮುಖ ಕೊಡಲಿಲ್ಲ. ನಮ್ಮನೆಯವರೂ ಜಗಳ ಆದಾಗ ಹೀಗೇ. ಇನ್ನು ನಾಲ್ಕು ದಿನ ಬೇಕು."

ಸೋಮವಾರ ನಾನು ಆಫೀಸಿಗೆ ಹೋಗಿ ಆ ಮೇಲ್ ತೆರೆದೆ. ತುಂಬ ಚೆನ್ನಾಗಿ ಬರೆದಿದ್ದೆ, ಅಳಿಸಲು ಹೊಟ್ಟೆ ಉರಿಯಿತು. ಅಳಿಸಿ, ಮ್ಯಾನೇಜರಿನ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗಿ, ಅದರಲ್ಲಿದ್ದುದನ್ನೇ ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಅವರು ಮೊದಲು ಅದು ತಂಡದ ಕೆಲಸ ಎಂದರು, ಆದರೆ ಮುಂದಿನ ತಿಂಗಳ ಸಭೆಯಲ್ಲಿ ನನ್ನನ್ನು ಕರೆದು ಹತ್ತು ನಿಮಿಷ ಮಾತಾಡಿಸಿದರು. ಮೊದಲು ಮಂಡಿಸಿದ ಕೆಲಸಕ್ಕೆ ನನ್ನ ಹೆಸರು ಸೇರಲೇ ಇಲ್ಲ. ಮೇಲ್ ಕಳಿಸಬೇಕಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಅಂಕಲ್‌ಗೆ ಇದನ್ನು ಹೇಳಿದಾಗ ಅವರು ಸರಿ ತಪ್ಪು ಏನೂ ಹೇಳಲಿಲ್ಲ. ಹತ್ತು ನಿಮಿಷ ಏನು ಮಾತಾಡಿದೆ ಎಂದು ಮೊದಲಿಂದ ಕೊನೆಯವರೆಗೆ ಕೇಳಿದರು.

ಫೆಬ್ರವರಿಯಲ್ಲಿ ಒಂದು ದಿನ ಅಂಕಲ್ ನನಗೆ ಫೋನ್ ಮಾಡಿ, ಭಾನುವಾರ ಬಿಡುವಿದೆಯಾ ಎಂದರು. ಪಿಂಚಣಿದಾರರ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿ ಅವರು ದಾದಾರ ವಿಳಾಸ ಪತ್ತೆ ಮಾಡಿದ್ದರು. ದಾದಾಗೆ ಈಗ ಎಂಬತ್ತಾರು, ಚಿತ್ತರಂಜನ್ ಪಾರ್ಕಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಒಬ್ಬರೇ ಹೋಗಲು ಧೈರ್ಯವಿಲ್ಲ, ಆಂಟಿಯನ್ನು ಕರೆದುಕೊಂಡು ಹೋದರೆ ಪಾದದ ವಿಷಯ ಎತ್ತುತ್ತಾರೆ ಎಂದರು. ನಾನು ಹೋದೆ. ದಾರಿಯುದ್ದಕ್ಕೂ ಅಂಕಲ್ ಆಟೋದಲ್ಲಿ ಸಿಹಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಬಾಗಿಲು ತೆರೆದ ಮಗಳು ನಮ್ಮನ್ನು ಬಿಸಿಲು ಬೀಳುವ ಬಾಲ್ಕನಿಗೆ ಕರೆದುಕೊಂಡು ಹೋದಳು. ಶಾಲು ಹೊದ್ದು ಕೂತಿದ್ದ ಒಬ್ಬ ಸಣಕಲು ಮುದುಕರು ಕನ್ನಡಕ ಸರಿಪಡಿಸಿಕೊಂಡು ಅಂಕಲ್ಲನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನೋಟ ನಿಂತದ್ದು ಕಾಲಿನ ಮೇಲೆ.

"ಪಾಂವ್ ಕೈಸಾ ಹೈ?" ಎಂದರು. ಕಾಲು ಹೇಗಿದೆ.

ದಾದಾಗೆ ಅವತ್ತೇ ಗೊತ್ತಿತ್ತು. ಪ್ರಾಕ್ಟೀಸಿನಲ್ಲಿ ಎಡ ಬೂಟಿನ ದಾರ ಕಟ್ಟದೆ ಬಿಟ್ಟದ್ದನ್ನು ಕಂಡು ಅವರಿಗೆ ತಿಳಿದಿತ್ತು. ಹಾಗಿದ್ದರೆ ಯಾಕೆ ಹೇಳಲಿಲ್ಲ ಎಂದು ಅಂಕಲ್ ಕೇಳಿದರು. ಹುಡುಗ ತಾನಾಗಿ ಬಂದು ಹೇಳುತ್ತಾನೆಂದು ಕಾಯುತ್ತಿದ್ದೆ, ನೀನು ಬರಲಿಲ್ಲ ಎಂದರು ದಾದಾ. ಅವರಿಬ್ಬರನ್ನೇ ಬಿಟ್ಟು ನಾನು ಎದ್ದು ಒಳಗೆ ಹೋಗೋಣವೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ದಾದಾ, ಪಾದ ಸರಿಯಿದ್ದಿದ್ದರೂ ನಿನ್ನನ್ನು ಆಡಿಸುತ್ತಿರಲಿಲ್ಲ, ಅಂಥ ಎದುರಾಳಿಗಳಿದ್ದಾಗ ನೀನು ರಕ್ಷಣೆಗೆಂದು ಹಿಂದಕ್ಕೆ ಓಡಿ ಬರುವವನಲ್ಲ ಎಂದುಬಿಟ್ಟರು.

ಅಂಕಲ್ ಕುರ್ಚಿಯ ತುದಿಗೆ ಸರಿದರು. ಮುಂದಿನ ಒಂದೂವರೆ ಗಂಟೆ ಬಿಸ್ಕತ್ತುಗಳು ತಟ್ಟೆಯಿಂದ ಮೇಜಿಗೆ ಇಳಿದು ಹನ್ನೊಂದು ಜನ ಆಟಗಾರರಾದವು. ದಾದಾ ಒಂದು ಬಿಸ್ಕತ್ತನ್ನು ಹಿಂದಕ್ಕೆ ತಳ್ಳಿದರೆ ಅಂಕಲ್ ಅದನ್ನು ಮುಂದಕ್ಕೆ ತರುತ್ತಿದ್ದರು. ಮಗಳು ಬಂದು ಔಷಧಿಯ ಹೊತ್ತಾಯಿತೆಂದು ಎರಡು ಸಲ ನೆನಪಿಸಿದಳು. ಅಪ್ಪ ಇಷ್ಟು ಮಾತಾಡಿ ಬಹಳ ದಿನವಾಗಿತ್ತು ಎಂದು ನನ್ನ ಬಳಿ ಹೇಳಿದಳು. ಹೊರಟಾಗ ಅಂಕಲ್ಲಿನ ಮುಖ ಕೆಂಪೇರಿತ್ತು. ಈ ವಯಸ್ಸಿನಲ್ಲೂ ಎಂಥ ಮೊಂಡು ಮನುಷ್ಯ ಎಂದು ಮೆಟ್ಟಿಲಿಳಿಯುವಾಗ ನಾಲ್ಕು ಸಲ ಹೇಳಿದರು. ಅಷ್ಟು ಸಂತೋಷದಲ್ಲಿ ಅವರು ಯಾರನ್ನೂ ಬೈದದ್ದನ್ನು ನಾನು ಕೇಳಿರಲಿಲ್ಲ.

ನಮ್ಮ ಹತ್ತೊಂಬತ್ತನೇ ನಂಬರಿನವನು ಆ ಸೀಸನ್ ಮುಗಿಸಿ ಬೇರೆ ದೇಶದ ತಂಡಕ್ಕೆ ಹೋದ. ಕೊನೆಯ ಪಂದ್ಯದಲ್ಲಿ ಗ್ಯಾಲರಿಯವರು ಎದ್ದು ನಿಂತು ಹಾಡಿದರು, ನಾವು ಊಟದ ಕೋಣೆಯಲ್ಲಿ ಎದ್ದು ನಿಂತೆವು. ಆ ಮ್ಯಾನೇಜರೂ ಹೆಚ್ಚು ಕಾಲ ಉಳಿಯಲಿಲ್ಲ. ತಪ್ಪು ಯಾರದೆಂಬುದು ತೀರ್ಮಾನವಾಗಿಲ್ಲ. ಸರ್ದಾರ್ಜಿ ಮಾಲೀಕನದೇ ಎಂದು ಪಟ್ಟು ಹಿಡಿದಿದ್ದಾರೆ.

ಏಪ್ರಿಲಿನ ಒಂದು ಶನಿವಾರ, ಆ ಕೊನೆಯ ಪಂದ್ಯಕ್ಕೆ ಮುಂಚೆ, ಅಂಕಲ್ ದಾದಾರನ್ನು ಕರೋಲ್ ಬಾಗಿಗೆ ಕರೆತಂದರು. ಮೆಟ್ರೋದಿಂದ ಲಾಡ್ಜಿಗೆ ನಡೆಯುವುದು ಅವರಿಗೆ ಆಗದೆಂದು ಸೈಕಲ್ ರಿಕ್ಷಾ ಮಾಡಿದೆವು. ಮುಂದಿನ ರಿಕ್ಷಾದಲ್ಲಿ ಅವರಿಬ್ಬರು, ಹಿಂದಿನದರಲ್ಲಿ ನಾನೂ ಆಂಟಿಯೂ. ಬಟ್ಟೆ ಅಂಗಡಿಗಳ ಸಂದಣಿಯಲ್ಲಿ ರಿಕ್ಷಾಗಳು ನಿಂತಾಗ ಮುಂದಿನಿಂದ ಇಬ್ಬರ ದನಿಯೂ ಏರುತ್ತಿತ್ತು, ಕೈಗಳು ಗಾಳಿಯಲ್ಲಿ ಮೈದಾನ ಬರೆಯುತ್ತಿದ್ದವು. ರಿಕ್ಷಾದ ಭಯ್ಯಾ ಪೆಡಲಿನ ಮೇಲಿಂದ ಹಿಂದೆ ತಿರುಗಿ, ಬಾಬೂಜಿ, ಜಗಳ ಯಾವ ವಿಷಯಕ್ಕೆ ಎಂದು ಕೇಳಿದ. ಇಬ್ಬರೂ ಮಾತು ನಿಲ್ಲಿಸಿ, ಮುಂದಕ್ಕೆ ಬಾಗಿ, ಒಟ್ಟಿಗೇ ಅವನಿಗೆ ವಿವರಿಸತೊಡಗಿದರು.